ಅತ್ತೆಗೊಂದು ಕೇಕು

ಮೊಟ್ಟೆ ಹಾಕಿದ ಕೇಕು ಮನೆಯೊಳಗೇ ಬರಕೂಡದು ಎನ್ನುವ ಹಿರಿಯರು ನಿಮ್ಮಲ್ಲೂ ಇರಬಹುದು. ನಮ್ಮತ್ತೆ ಹಾಗಲ್ಲ. ಭದ್ರಾವತಿಯ ಭಾವನವರ ಮನೆಯಲ್ಲಿ ಮೊಮ್ಮಕ್ಕಳ ಹುಟ್ಟುಹಬ್ಬವೆಂದರೆ ತಾವೇ ಮೇಜಿಗೆ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಎಲ್ಲರಿಗೂ ತುಂಡು ಹಂಚುವವರು. ತಾವು ಮಾತ್ರ "ನಂಗೆ ಬಾಳೆಹಣ್ಣು ಸಾಕು ಕಣ್ರೇ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಇಷ್ಟು ವರ್ಷ ನಮಗ್ಯಾರಿಗೂ ಅದೊಂದು ವಿಷಯವೆಂದೇ ಅನ್ನಿಸಿರಲಿಲ್ಲ, ನೋಡಿ.

ಕಳೆದ ವರ್ಷ ಅವರಿಗೆ 80 ತುಂಬಿತು. "ಈ ಸಲ ಅಜ್ಜಿ ತಿನ್ನೋ ಕೇಕೇ ಆಗಬೇಕು" ಎಂದು ನನ್ನ ಮಗಳು ಹಟ ಹಿಡಿದಳು. ಮೊಟ್ಟೆ ಬೇಡ, ಓವನ್ ಬೇಡ, ಚೀಸ್ ಕೇಕ್ ಮಾಡೋಣ ಎಂದು ಒಂದು ಪುಡಿಯ ಪೊಟ್ಟಣವನ್ನೂ ತಂದಳು. ಕನ್ನಡಕ ಹಾಕಿಕೊಂಡು ಓದಿದರೆ ಜೆಲಟಿನ್! ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ವಸ್ತು. ಕೆಲವು ಚೀಸ್‌ಗಳಿಗೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರಂತೆ. "ಅಜ್ಜಿಗೆ ಹೇಳದಿದ್ರೆ ಆಯ್ತಲ್ಲ" ಎಂದಳು ಮಗಳು. ನನಗೆ ಮನಸ್ಸೊಪ್ಪಲಿಲ್ಲ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಿಂದ ಚೈನಾ ಗ್ರಾಸ್ ತಂದೆ. ಅದು ಕಡಲ ಪಾಚಿಯದು. ಚೀಸಿಗೆ ಬದಲು ಕಟ್ಟಿದ ಮೊಸರು, ನಿಂಬೆರಸ ಹಿಂಡಿ ಮನೆಯಲ್ಲೇ ಒಡೆದ ಪನೀರು.

ಹಣ್ಣು ಬನವಾಸಿ ಕಡೆಯ ಅನಾನಸ್. ಹಸಿಯಾಗಿಯೇ ಹೆಚ್ಚಿ ಮೊಸರಿಗೂ ಬೆರೆಸಿ, ಮೇಲೂ ಅಲಂಕರಿಸಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಗೆ ಒಯ್ದೆವು. ಮುಚ್ಚಳ ತೆಗೆದರೆ ಸುತ್ತ ನೀರು. ಬಾಯಿಗಿಟ್ಟರೆ ಕಹಿ! ಮಕ್ಕಳು ಮುಖ ಸಿಂಡರಿಸಿ ತಟ್ಟೆ ಪಕ್ಕಕ್ಕಿಟ್ಟರು. ಅತ್ತೆ ಮಾತ್ರ ಚಮಚದಲ್ಲಿ ಮೆಲ್ಲಗೆ, ಒಂದು ಚೂರೂ ಬಿಡದೆ ತಿಂದರು. ಆಮೇಲೆ ಕೇಳಿದ್ದಕ್ಕೆ "ಕೇಕು ಅಂದ್ರೆ ಹೀಗೇ ಇರ್ತದೇನೋ ಅಂದ್ಕೊಂಡೆ" ಎಂದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ತಪ್ಪು ಎಲ್ಲಿ ಗೊತ್ತೇ? ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಅಂಶವಿದೆ. ಅದು ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಹಣ್ಣನ್ನು ಕುದಿಸಿದರೆ ಅದರ ಆಟ ಮುಗಿಯಿತು. ಹಸಿ ಪಪ್ಪಾಯಿಯದೂ ಇದೇ ಬುದ್ಧಿ. ಮಾವಿನಹಣ್ಣಿಗೆ ಈ ರಗಳೆಯಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಮಾಡಿದೆ. ನೀವೂ ಹೀಗೆ ಮಾಡಿ. 1 ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ರಾತ್ರಿಯಿಡೀ ತೂಗುಹಾಕಿ. ಬೇಸಿಗೆಯಾದರೆ ಜರಡಿಯ ಮೇಲಿಟ್ಟು ಫ್ರಿಜ್ಜಿನೊಳಗೇ ಇಡಿ, ಇಲ್ಲದಿದ್ದರೆ ಹುಳಿ ಬರುತ್ತದೆ. 20 ಮಾರಿ ಬಿಸ್ಕತ್ತು ಪುಡಿ ಮಾಡಿ, ಕರಗಿಸಿದ 75 ಗ್ರಾಂ ಬೆಣ್ಣೆ ಕಲಸಿ ಪಾತ್ರೆಯ ತಳಕ್ಕೆ ಒತ್ತಿ. ಕಟ್ಟಿದ ಮೊಸರು, ನುಣ್ಣಗೆ ಅರೆದ 200 ಗ್ರಾಂ ಪನೀರು, 125 ಗ್ರಾಂ ಸಕ್ಕರೆ ಪುಡಿ ಕಡೆದಿಡಿ. 8 ಗ್ರಾಂ ಚೈನಾ ಗ್ರಾಸನ್ನು ಒಂದು ಲೋಟ ನೀರಿನಲ್ಲಿ ನೆನೆಸಿ, ಒಂದು ಎಳೆಯೂ ಕಾಣದಂತೆ ಕುದಿಸಿ. ಇಲ್ಲಿ ಜೋಪಾನ! ಮೊಸರು ಫ್ರಿಜ್ಜಿನ ತಣ್ಣಗಿದ್ದರೆ ಚೈನಾ ಗ್ರಾಸ್ ತಟ್ಟನೆ ಗಂಟು ಕಟ್ಟುತ್ತದೆ. ಮೊದಲೇ ಹೊರಗಿಟ್ಟು, ಬಿಸಿ ದ್ರವವನ್ನು ಸಣ್ಣಗೆ ಹೊಯ್ಯುತ್ತಾ ಬೇಗ ಬೇಗ ಕಲಸಿ ಬಿಸ್ಕತ್ತಿನ ಮೇಲೆ ಸುರಿಯಿರಿ. ಅನಾನಸ್ ಚೂರನ್ನು 4 ಚಮಚ ಸಕ್ಕರೆಯೊಡನೆ 10 ನಿಮಿಷ ಬೇಯಿಸಿ, ಆರಿಸಿ, ರಸ ಬಸಿದು, ಕೇಕು ಗಟ್ಟಿಯಾದ ಮೇಲೆ ಹರಡಿ.

ಎರಡನೆಯ ಸಲ ಹೊರಟ ದಿನ ಕರೆಂಟೂ ಇರಲಿಲ್ಲ. ಜೆಲಟಿನ್ ಆಗಿದ್ದರೆ ಬಸ್ಸಿನ ಸೆಖೆಗೆ ಪಾಯಸವಾಗುತ್ತಿತ್ತು. ಚೈನಾ ಗ್ರಾಸ್ ಅಷ್ಟಕ್ಕೆಲ್ಲ ಕರಗುವುದಿಲ್ಲ. ಭದ್ರಾವತಿಯವರೆಗೆ ಅಲ್ಲಾಡದೆ ಬಂತು.

ಅತ್ತೆ ಮೊದಲ ಚಮಚ ತಿಂದು ಸುಮ್ಮನೆ ಕೂತರು. ಎರಡನೆಯದು ತಿಂದರು. "ಸಕ್ಕರೆ ಒಂದು ಮುಷ್ಟಿ ಜಾಸ್ತಿಯಾಯ್ತು, ಏಲಕ್ಕಿ ಯಾಕೆ ಹಾಕ್ಲಿಲ್ಲ?" ಎಂದರು. ಮಗಳು ನನ್ನ ಮುಖ ನೋಡಿ ನಕ್ಕಳು. ರಾತ್ರಿ ನೀರು ಕುಡಿಯಲು ಎದ್ದು ಅಡಿಗೆಮನೆಗೆ ಹೋದರೆ, ಕಿಟಕಿಯ ಸರಳಿಗೆ ಮೊಸರಿನ ಗಂಟೊಂದು ತೂಗುತ್ತಿತ್ತು. ಪಕ್ಕದ ಬಟ್ಟಲಿನಲ್ಲಿ ಬಿಡಿಸಿಟ್ಟ ಏಲಕ್ಕಿ.