ಅಕ್ಕನ ಮನೆಯ ಕಂದಾಯ

ಈ ಫೆಬ್ರವರಿಯಲ್ಲಿ ಅಪ್ಪನಿಗೆ ಎಪ್ಪತ್ತು ತುಂಬಿತು. ಬಸವನಗುಡಿಯ ನಮ್ಮ ಮನೆಯಲ್ಲೇ ಭೀಮರಥ ಶಾಂತಿ ಅಂತ ನಿಶ್ಚಯವಾಗಿತ್ತು. ಪುರೋಹಿತರು, ಅಡುಗೆಯವರು ಎಲ್ಲ ಗೊತ್ತಾದ ಮೇಲೆ ನ್ಯೂಜೆರ್ಸಿಯಿಂದ ಅಕ್ಕ ಫೋನ್ ಮಾಡಿ, "ರಜೆ ಸಿಗ್ತಿಲ್ಲ ಅಪ್ಪ, ಈ ಸಲ ಬರೋಕಾಗಲ್ಲ" ಅಂದಳು. ಅಪ್ಪ "ಆಯ್ತಮ್ಮ" ಅಂತಷ್ಟೇ ಹೇಳಿ ಫೋನಿಟ್ಟರು. ಆಮೇಲೆ ಅಮ್ಮನ ಹತ್ತಿರ, "ಅಷ್ಟು ದೊಡ್ಡ ಮನೆ ತಗೊಂಡಿದ್ದಾಳೆ, ನಾಲ್ಕು ಟಿಕೆಟ್ ತಗೊಳ್ಳೋಕಾಗಲ್ವಾ?" ಅಂದದ್ದು ನನಗೂ ಕೇಳಿಸಿತು.

ರಾತ್ರಿ ನಾನೇ ಅಕ್ಕನಿಗೆ ಫೋನ್ ಮಾಡಿದೆ. ನಿಜ ಹೊರಬಂತು. ಜನವರಿಯ ಚಳಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟು, ಹೊಸದಕ್ಕೆ ಆರು ಸಾವಿರ ಡಾಲರ್ ಆಗಿತ್ತು. ಟಿಕೆಟ್ಟಿಗೆ ಅಂತ ಎತ್ತಿಟ್ಟ ದುಡ್ಡು ಅದು. "ಅಪ್ಪಂಗೆ ಹೇಳ್ಬೇಡ ಕಣೋ, ಪೆನ್ಷನ್ ದುಡ್ಡು ಕಳಿಸ್ತೀನಿ ಅಂತಾರೆ" ಅಂದಳು.

ಸ್ವಂತ ಮನೆ ಅಂದರೆ ಇಎಂಐ ಕಟ್ಟಿ ಮುಗಿಸೋದು ಅಂತಲೇ ನಾನೂ ತಿಳಿದಿದ್ದೆ. ಅಕ್ಕ ತನ್ನ ವರ್ಷದ ಲೆಕ್ಕದ ಎಕ್ಸೆಲ್ ಕಳಿಸಿದಳು. ಅಮೆರಿಕದಲ್ಲಿ ಮನೆ ತೆರಿಗೆ ಅತಿ ಹೆಚ್ಚಿರುವ ರಾಜ್ಯಗಳಲ್ಲಿ ನ್ಯೂಜೆರ್ಸಿ ಮುಂದಿದೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಕಂತು. ಐದು ಲಕ್ಷ ಡಾಲರಿನ ಅಕ್ಕನ ಮನೆಗೆ ಸುಮಾರು 11,000 ಡಾಲರ್. ಅದರಲ್ಲಿ ದೊಡ್ಡ ಪಾಲು ಊರಿನ ಸರ್ಕಾರಿ ಶಾಲೆಗಳಿಗೆ ಹೋಗುತ್ತೆ. ಅವಳ ಮಕ್ಕಳಿಬ್ಬರೂ ಅಲ್ಲೇ ಫೀಸಿಲ್ಲದೆ ಓದುತ್ತಾರೆ. ವಿಮೆಗೆ 1,800. ಪ್ರವಾಹದ ನಷ್ಟ ಅದರಲ್ಲಿ ಸೇರಿಲ್ಲ, ಬೇಕಾದರೆ ಬೇರೆ ಪಾಲಿಸಿ. ರಿಪೇರಿಗೆ ಮನೆಯ ಬೆಲೆಯ ಶೇ. 1ರಷ್ಟು ಎತ್ತಿಡಬೇಕು ಅನ್ನೋದು ಅಲ್ಲಿಯ ವಾಡಿಕೆ ಲೆಕ್ಕ, ಅದು 5,000. ಒಟ್ಟು 17,800 ಡಾಲರ್. ಗ್ಯಾಸು, ಕರೆಂಟು, ನೀರು ಬೇರೆ. ಸಾಲ ಪೂರ್ತಿ ತೀರಿದ ಮೇಲೂ ಈ ಖರ್ಚು ತೀರುವುದಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅವರದು 30 ವರ್ಷ ಬಡ್ಡಿ ಬದಲಾಗದ ಸಾಲ. ಆದರೆ ತೆರಿಗೆ, ವಿಮೆಯ ದುಡ್ಡನ್ನೂ ಸಾಲ ಕೊಟ್ಟವರೇ ತಿಂಗಳ ಕಂತಿನ ಜೊತೆ ವಸೂಲು ಮಾಡಿ, ಎಸ್ಕ್ರೋ ಅನ್ನೋ ಖಾತೆಯಲ್ಲಿಟ್ಟು ಕಟ್ಟುತ್ತಾರೆ. ತೆರಿಗೆ ಏರಿದರೆ ಕಂತೂ ಏರುತ್ತೆ. ಖಾತೆಯಲ್ಲಿ ದುಡ್ಡು ಕಮ್ಮಿ ಬಿದ್ದಿದೆ, ಇನ್ನು ಮೇಲೆ ತಿಂಗಳಿಗೆ 140 ಡಾಲರ್ ಜಾಸ್ತಿ ಅಂತ ಅಕ್ಕನಿಗೆ ಕಳೆದ ವರ್ಷ ಪತ್ರ ಬಂದಿತ್ತು.

ಶಾಂತಿ ಮುಗಿಯಿತು. ಅಕ್ಕ ವಿಡಿಯೋದಲ್ಲೇ ನಮಸ್ಕಾರ ಮಾಡಿದಳು. ಅಪ್ಪ ಫೋನಿನಲ್ಲಿ ಮಾತು ಕಮ್ಮಿ ಮಾಡಿದರು.

ಏಪ್ರಿಲ್‌ನಲ್ಲಿ ಅಪ್ಪ ಎಂದಿನಂತೆ ಕಂದಾಯದ ಫೈಲ್ ಹಿಡಿದು ನನ್ನ ಲ್ಯಾಪ್‌ಟಾಪ್ ಪಕ್ಕ ಕೂತರು. ಆ ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ, ಅವರು ಅದನ್ನು ಯಾವತ್ತೂ ಬಿಟ್ಟವರಲ್ಲ. ಕಟ್ಟಿ ರಸೀತಿ ಪ್ರಿಂಟ್ ತೆಗೆದುಕೊಟ್ಟೆ. ಆಮೇಲೆ ತಡೆಯಲಾಗದೆ, "ಅಕ್ಕನ ಮನೆ ಕಂದಾಯ ಎಷ್ಟು ಗೊತ್ತಾ ಅಪ್ಪ?" ಅಂತ ಅವಳ ಎಕ್ಸೆಲ್ ತೆರೆದು ತೋರಿಸಿದೆ. ಫರ್ನೇಸ್ ವಿಷಯವನ್ನೂ ಹೇಳಿಬಿಟ್ಟೆ.

ಅಪ್ಪ ಮನಸ್ಸಲ್ಲೇ ರೂಪಾಯಿಗೆ ಗುಣಿಸಿದರು. ಡಾಲರಿಗೆ 85 ಹಿಡಿದರೂ ತೆರಿಗೆಯೊಂದೇ ಒಂಬತ್ತು ಲಕ್ಷ ದಾಟುತ್ತೆ. "ಅಲ್ಲಿ ದುಡಿದು ಅಲ್ಲೇ ಕಟ್ತಾರಪ್ಪ, ಹಾಗೆ ಗುಣಿಸಬಾರದು" ಅಂದೆ. ಅವರು ಫೈಲಿನ ಹಳೇ ರಸೀತಿಗಳನ್ನು ಮಗುಚುತ್ತಾ, "ತಾರಸಿ ಸೋರಿದ ವರ್ಷ ನಿಮ್ಮತ್ತೆ ಮನೆ ಗೃಹಪ್ರವೇಶಕ್ಕೆ ನಾನೂ ಹೋಗಲಿಲ್ಲ. ಮೈ ಹುಷಾರಿಲ್ಲ ಅಂತ ಹೇಳಿದ್ದೆ" ಅಂದರು.

ವಿದೇಶದಲ್ಲಿ ಮನೆ ಕೊಳ್ಳಲು ಹೊರಟಿರುವ ನನ್ನ ವಯಸ್ಸಿನವರಿಗೆ ಒಂದೇ ಮಾತು: ಮನೆಯ ಬೆಲೆ ಕೇಳುವಾಗಲೇ ಹೋದ ವರ್ಷದ ತೆರಿಗೆ ಬಿಲ್ಲನ್ನೂ ಕೇಳಿ. ಸಾಧ್ಯವಾದರೆ ಆ ಲೆಕ್ಕ ಮನೆಯವರಿಗೂ ಗೊತ್ತಿರಲಿ.

ಆ ಭಾನುವಾರ ಅಪ್ಪನೇ ಅಕ್ಕನಿಗೆ ಫೋನ್ ಮಾಡಿದರು. "ಮೇ ತಿಂಗಳ ಕಂತು ಬಂತಲ್ಲಮ್ಮ, ಸಾಲದವರೇ ಕಟ್ತಾರಂತೆ. ರಸೀತಿ ಮಾತ್ರ ಮರೀದೆ ಇಸ್ಕೋ." ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕೈಗೆ ಫೋನ್ ಕೊಡಿಸಿಕೊಂಡು ಚೆನ್ನಾಗಿ ಬೈದಳು.