ಹುಣಸೆಹಣ್ಣಿಗೂ ಬಗ್ಗದ ಮೇಣ

ಕರೆಂಟು ಕೈಕೊಟ್ಟ ರಾತ್ರಿಗಳ ಲೆಕ್ಕ ಬೇಕಾದರೆ ಮನೆಯ ಮೇಣದ ಬತ್ತಿ ಸ್ಟ್ಯಾಂಡನ್ನು ನೋಡಬೇಕು. ಪದರದ ಮೇಲೆ ಪದರ ಕೂತಿರುತ್ತದೆ. ಯುಪಿಎಸ್ ಬಂದ ಮನೆಗಳಲ್ಲೂ ಬತ್ತಿಗೆ ಪೂರ್ತಿ ರಜೆ ಸಿಕ್ಕಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಹುಡುಗಿಯೊಬ್ಬಳು ಇಂಥದೊಂದು ಹಿತ್ತಾಳೆ ಸ್ಟ್ಯಾಂಡನ್ನು ಎದುರಿಗಿಟ್ಟುಕೊಂಡು ಕೂತಳು. ಅಜ್ಜಿಯ ಕಾಲದ್ದು, ಅಂಚಿನ ಸುತ್ತ ಬಳ್ಳಿಯ ಸಣ್ಣ ಕೆತ್ತನೆ. ಅಜ್ಜಿ ಹೇಳಿದ ಮದ್ದು ಹುಣಸೆಹಣ್ಣು. ತಿಕ್ಕಿದಳು. ಹಿತ್ತಾಳೆ ಫಳಫಳ ಹೊಳೆಯಿತು, ಮೇಣ ಮಾತ್ರ ಕೂತಲ್ಲೇ ಕೂತಿತ್ತು. ಸೋಪು ಹಚ್ಚಿದಳು, ಪಾತ್ರೆ ಪುಡಿ ಹಾಕಿದಳು. ಕೊನೆಗೆ ಕೈಗೆ ಬಂದದ್ದು ಚಾಕು. ಅಜ್ಜಿ ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಬಳ್ಳಿಯ ಎರಡೆಲೆಗಳ ಮೇಲೆ ಗೀರು ಬಿದ್ದಿತ್ತು. ಆ ಗೀರು ಇನ್ನು ಹೋಗುವಂಥದ್ದಲ್ಲ.

ಹುಣಸೆಹಣ್ಣನ್ನು ದೂರುವಂತಿಲ್ಲ. ಹಿತ್ತಾಳೆಯ ಕಪ್ಪಿಗೆ ಮುಖ್ಯ ಕಾರಣ ಅದರಲ್ಲಿರುವ ತಾಮ್ರದ ಆಕ್ಸೈಡು. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಮೇಣದ ಜಾತಿಯೇ ಬೇರೆ. ಅಂಗಡಿಯ ಸಾಮಾನ್ಯ ಬತ್ತಿ ಪ್ಯಾರಾಫಿನ್ನಿನದು: ಪೆಟ್ರೋಲಿಯಂನಿಂದ ಬಂದ, ಇಂಗಾಲ ಮತ್ತು ಜಲಜನಕಗಳ ಉದ್ದನೆಯ ಸರಪಳಿಗಳು. ಅಡುಗೆ ಮನೆಯ ಯಾವ ಹುಳಿಗೂ ಅದು ಜಗ್ಗದು, ನೀರಿನೊಂದಿಗೆ ಬೆರೆಯದು. ಗಟ್ಟಿಯಾಗಿರುವಾಗ ಸೋಪಿಗೂ ಹಿಡಿತ ಸಿಗದು. 1830ರಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಕಾರ್ಲ್ ಫಾನ್ ರೈಷೆನ್‌ಬಾಕ್ ಇದನ್ನು ಬೇರ್ಪಡಿಸಿದಾಗ ಇಟ್ಟ ಹೆಸರಿನ ಲ್ಯಾಟಿನ್ ಮೂಲದ ಅರ್ಥವೇ 'ನಂಟು ಕಡಿಮೆ' ಎಂದು. ಯಾರ ಜತೆಗೂ ಸೇರದ ವಸ್ತುವಿಗೆ ತಕ್ಕ ಹೆಸರು! ಹೈಡ್ರೋಕಾರ್ಬನ್ನುಗಳ ಪಾಠವನ್ನು ಆ ಹುಡುಗಿ ಇದೇ ಬತ್ತಿಯ ಬೆಳಕಿನಲ್ಲಿ ಬಾಯಿಪಾಠ ಮಾಡಿದ್ದಳು.

ನಂಟು ಬೇಡದ ಈ ಮೇಣಕ್ಕೆ ಬಿಸಿ ಮಾತ್ರ ತಡೆಯದು. ಸುಮಾರು 50ರಿಂದ 65 ಡಿಗ್ರಿ ಸೆಂಟಿಗ್ರೇಡ್‌ಗೆ ಅದು ನೀರಾಗುತ್ತದೆ. ಸ್ನಾನದ ನೀರಿನ ಬಿಸಿ ಸಾಲದು, ಕೈ ಇಡಲಾಗದಷ್ಟು ಬೇಕು. ಆದ್ದರಿಂದ ದೊಡ್ಡವರು ಪಕ್ಕದಲ್ಲಿರಲಿ. ಹಳೆಯ ಬೇಸಿನ್ನಿನಲ್ಲಿ ಬಿಸಿನೀರು ಹಾಕಿ ಸ್ಟ್ಯಾಂಡನ್ನು ಮುಳುಗಿಸಿದರೆ ಮೇಣ ಕರಗಿ ಮೇಲೆ ತೇಲುತ್ತದೆ, ಏಕೆಂದರೆ ಅದು ನೀರಿಗಿಂತ ಹಗುರ. ಈಗ ಅವಸರಪಟ್ಟು ಸ್ಟ್ಯಾಂಡನ್ನು ಮೇಲೆತ್ತಿದರೆ ತೇಲುವ ಮೇಣವೆಲ್ಲ ಮತ್ತೆ ಅದಕ್ಕೇ ಮೆತ್ತಿಕೊಳ್ಳುತ್ತದೆ. ನೀರು ಆರುವವರೆಗೆ ಬಿಡಬೇಕು. ಮೇಲೆ ಹಪ್ಪಳದಂತೆ ಕಟ್ಟಿದ ಮೇಣವನ್ನು ಕೈಯಲ್ಲೇ ತೆಗೆಯಬಹುದು. ಬಿಸಿಯಿರುವಾಗಲೇ ಬಚ್ಚಲಿಗೆ ಚೆಲ್ಲಿದರೆ ಕೊಳವೆಯೊಳಗೆ ಹೋಗಿ ಗಟ್ಟಿಯಾಗುತ್ತದೆ, ಆಮೇಲೆ ಪ್ಲಂಬರನನ್ನೇ ಹುಡುಕಬೇಕು. ಕೆತ್ತನೆಯ ಸಂದಿಯಲ್ಲಿ ಉಳಿದ ತೆಳು ಜಿಡ್ಡಿಗೆ ತುಸು ಬೆಚ್ಚಗಿನ ಕೊಬ್ಬರಿ ಎಣ್ಣೆ ಸಾಕು; ಎಣ್ಣೆಯ ಜಿಡ್ಡಿಗೆ ಸೋಪು. ಹುಣಸೆಹಣ್ಣಿನ ಸರದಿ ಬರುವುದು ಆಮೇಲೆ.

ಗಾಜಿನ ಹಿಡಿಕೆಗೆ ಈ ಉಪಾಯ ಬೇಡ. ತಣ್ಣನೆಯ ಗಾಜಿನ ಮೇಲೆ ಕುದಿಯುವ ನೀರು ಬಿದ್ದರೆ ಬಿರುಕು ಬಿಡುವುದುಂಟು. ಅದಕ್ಕೆ ಫ್ರಿಜ್ಜಿನ ಫ್ರೀಜರೇ ಸರಿ. ತಂಪಿಗೆ ಮೇಣ ಗಾಜಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ಒಂದು ಗಂಟೆ ಕಳೆದು ಮೆಲ್ಲಗೆ ತಟ್ಟಿದರೆ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಮೊದಲೇ ಸೀಳಿದ ಗಾಜಾದರೆ ಅದೂ ಬೇಡ.

ಗ್ಯಾಸ್ ಒಲೆಯ ಉರಿಗೇ ಸ್ಟ್ಯಾಂಡನ್ನು ಹಿಡಿಯುವವರಿದ್ದಾರೆ. ಚಾಕುವಿಗಿಂತ ಇದು ಕೆಟ್ಟದ್ದು. ಬತ್ತಿಯಲ್ಲಿ ಉರಿಯುವುದು ಗಟ್ಟಿ ಮೇಣವೂ ಅಲ್ಲ, ಕರಗಿದ ಮೇಣವೂ ಅಲ್ಲ, ಅದರ ಆವಿ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆಂದೇ ಬತ್ತಿಯ ಕುರಿತು ಉಪನ್ಯಾಸ ಮಾಲೆ ನಡೆಸಿ, ಆರಿಸಿದ ಬತ್ತಿಯಿಂದೇಳುವ ಆವಿಗೆ ಕಡ್ಡಿ ಹಿಡಿದು ಜ್ವಾಲೆ ಮತ್ತೆ ಬತ್ತಿಗೆ ಓಡುವುದನ್ನು ತೋರಿಸಿದ್ದ. ಮೇಣ ಸುಮಾರು 200 ಡಿಗ್ರಿ ಮುಟ್ಟಿದರೆ ಅದರ ಆವಿ ಒಲೆಯ ಉರಿಗೆ ಭಗ್ಗನೆ ಹತ್ತಿಕೊಳ್ಳಬಲ್ಲದು. ಗಾಬರಿಯಲ್ಲಿ ನೀರು ಎರಚಿದರಂತೂ ನೀರು ತಟ್ಟನೆ ಉಗಿಯಾಗಿ ಉರಿಯುವ ಮೇಣವನ್ನು ಮುಖಕ್ಕೇ ಸಿಡಿಸುತ್ತದೆ. ಅಂಥ ಹೊತ್ತಿನಲ್ಲಿ ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಬೇಕು.

ತೆಗೆದ ಮೇಣದ ಹಪ್ಪಳವನ್ನು ಒಣಗಿಸಿಟ್ಟರೆ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ಮೇಜಿನ ಡ್ರಾಯರಿನ ಅಂಚಿಗೆ ನಾಲ್ಕು ಸಲ ಉಜ್ಜಿದರೆ ಸಲೀಸಾಗಿ ಜಾರುತ್ತದೆ.