ಕೊಳಗ ಹಿಡಿಸದ ಪೆಟ್ಟಿಗೆ

ಪಾತ್ರೆಯನ್ನು ಆರಿಸುವುದು ಸುಲಭದ ಕೆಲಸವೆಂದು ತಿಳಿದವರು ಮನೆಯ ಹೆಂಗಸರೊಡನೆ ಒಮ್ಮೆಯೂ ಪಾತ್ರೆಯಂಗಡಿಗೆ ಹೋದವರಲ್ಲ. ಅಲ್ಲಿ ತಟ್ಟಿ ಸದ್ದು ಕೇಳಬೇಕು. ಎತ್ತಿ ತೂಕ ನೋಡಬೇಕು. ಬಾಯಿಯೊಳಗೆ ಕೈ ಹಾಕಿ ಮೂಲೆ ತಿಕ್ಕಲು ಬರುವುದೋ ಇಲ್ಲವೋ ಪರೀಕ್ಷಿಸಬೇಕು. ಇವೆಲ್ಲವೂ ಒಲೆಯ ಮೇಲೇರುವ ಪಾತ್ರೆಗಳ ಮಾತಾಯಿತು. ಇರುಳಿಡೀ ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತು ದೋಸೆಯ ಹಿಟ್ಟನ್ನೋ ಇಡ್ಲಿಯ ಹಿಟ್ಟನ್ನೋ ಹುದುಗಿಸುವ ಪಾತ್ರೆಯ ವಿಷಯದಲ್ಲಿ ಮಾತ್ರ ಯಾರೂ ಇಷ್ಟು ತಲೆ ಕೆಡಿಸಿಕೊಂಡದ್ದಿಲ್ಲ. ಕುಳಿತುಕೊಳ್ಳುವುದಷ್ಟೇ ಅದರ ಉದ್ಯೋಗವಾದ ಮೇಲೆ ಅದಕ್ಕೇನು ಪರೀಕ್ಷೆ?

ಆದರೆ ಆ ಕುಳಿತುಕೊಳ್ಳುವಿಕೆಯೇ ಎಲ್ಲವೂ ಆಗಿದೆಯೆಂಬುದು ಅಂಜನಾಪುರದ ಒಂದು ಮನೆಯವರಿಗೆ ಈಚೆಗೆ ತಿಳಿಯಿತು.

ಅಂಜನಾಪುರ ಶಿಕಾರಿಪುರ ತಾಲ್ಲೂಕಿನ ಊರು. ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಜಲಾಶಯಕ್ಕೂ ಅದೇ ಹೆಸರು. ಧನುರ್ಮಾಸದ ಬೆಳಗಿನಲ್ಲಿ ನೀರಿನ ಮೇಲೆ ಮಂಜು ಕವಿದಿದ್ದರೆ ಆಚೆಯ ದಡವೇ ಕಾಣದು. ಕವಿಗಳಿಗೆ ಅದು ಹಿತ, ಹಿಟ್ಟಿಗೆ ಹಿತವಲ್ಲ. ಹಿಟ್ಟು ಚೆನ್ನಾಗಿ ಹುದುಗಬೇಕಾದರೆ ಸುಮಾರು 28ರಿಂದ 32 ಡಿಗ್ರಿಯ ಬಿಸುಪು ಬೇಕು. ಆ ಬಿಸುಪಿನಲ್ಲಿ ಎಂಟು ಹತ್ತು ಗಂಟೆಗೆ ಮೈದುಂಬುವ ಹಿಟ್ಟು ಚಳಿಯ ರಾತ್ರಿಯಲ್ಲಿ ಮರುದಿನ ಮಧ್ಯಾಹ್ನವಾದರೂ ಕಣ್ಣು ತೆರೆಯುವುದಿಲ್ಲ.

ಆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದ ದಿನದಿಂದ ಶನಿವಾರ ಸಂಜೆ ಹಿಟ್ಟು ಕಲಸಿಡುವುದು ಅವರ ಪಾಲಿನ ಕೆಲಸ. ಅದಕ್ಕೊಂದು ಹಿತ್ತಾಳೆಯ ಕೊಳಗ. ಒಳಗೆ ಕಲಾಯಿ, ಹೊರಗೆ ಹುಣಿಸೆಹಣ್ಣಿನಲ್ಲಿ ಬೆಳಗಿದ ಹೊಳಪು. ನಾಟಿಯ ದಿನಗಳಲ್ಲಿ ಇಪ್ಪತ್ತು ಎಲೆ ಬೀಳುತ್ತಿದ್ದ ಮನೆ ಅದು. ಮಕ್ಕಳು ಶಿವಮೊಗ್ಗ, ಬೆಂಗಳೂರು ಸೇರಿದರು; ನಾಟಿಗೆ ಯಂತ್ರ ಬಂತು; ಈಗ ಮನೆಯಲ್ಲಿ ಉಳಿದವರು ಅಜ್ಜಿ, ಮಗ, ಸೊಸೆ, ಮೂವರೇ. ಹಿಟ್ಟಿನ ಅಳತೆ ಇಳಿಯಿತು. ಕೊಳಗ ಮಾತ್ರ ಇಳಿಯಲಿಲ್ಲ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಮೂರು ಶನಿವಾರ ಒಂದರ ಮೇಲೊಂದು ಹಿಟ್ಟು ಉಬ್ಬಲಿಲ್ಲ. ಇಡ್ಲಿ ಹಲಗೆಯಂತಾಯಿತು. ಮಗ ಏನೂ ಆಡದೆ ತಿಂದ. ಸೊಸೆ ‘ಚಳಿ ಅತ್ತೆ, ಚಳಿ’ ಎಂದಳು. ಯಾರೂ ದೂರದಿದ್ದುದೇ ಅಜ್ಜಿಗೆ ದೊಡ್ಡ ದೂರಾಯಿತು. ನಾಲ್ಕನೆಯ ಶನಿವಾರ ಉದ್ದು ನೆನೆಹಾಕುವ ಹೊತ್ತಿಗೆ ಅವರು ಹೊರಗೆ ಜಗಲಿಯಲ್ಲಿ ಕುಳಿತುಬಿಟ್ಟರು. ‘ನನ್ನ ಕೈಗುಣ ಹೋಯಿತು. ಇನ್ನು ನೀನೇ ಕಲಸು’ ಎಂದರು ಸೊಸೆಗೆ. ವಯಸ್ಸಾದವರು ಒಂದೊಂದೇ ಕೆಲಸವನ್ನು ಹೀಗೆ ಕೆಳಗಿಟ್ಟುಬಿಡುತ್ತಾರೆ. ಕೆಳಗಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವುದು ಅಪರೂಪ. ಸೊಸೆ ಜಾಣೆ; ‘ನನಗೆ ಹದ ತಿಳಿಯದು’ ಎಂದು ಆ ವಾರ ಉಪ್ಪಿಟ್ಟು ಮಾಡಿದಳು.

ಕೈಗುಣವೆಂಬುದು ಕಟ್ಟುಕಥೆಯೇನಲ್ಲ, ಹದವಾಗಿ ರುಬ್ಬುವುದು, ಗಾಳಿ ಸೇರುವಂತೆ ಕಲಸುವುದು, ಚಳಿಗಾಲದಲ್ಲಿ ಉಪ್ಪನ್ನು ಹುದುಗಿದ ಮೇಲೆ ಬೆರೆಸುವುದು, ಇವೆಲ್ಲ ಕೈ ಕಲಿತ ವಿದ್ಯೆಗಳು. ಆದರೆ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಮುಖ್ಯವಾಗಿ ಉದ್ದಿನ ಬೇಳೆಯೊಡನೆಯೇ ಬರುವಂಥವು. ಬೇಳೆಯನ್ನು ನೆನೆಸಿದಾಗ ಅವು ಎಚ್ಚರಗೊಳ್ಳುತ್ತವೆ, ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ. ಉದ್ದಿನ ಜಿಗುಟು ಆ ಅನಿಲವನ್ನು ಹೊರಬಿಡದೆ ಹಿಡಿದಿಡುತ್ತದೆ. ಅವಕ್ಕೆ ಅಜ್ಜಿಯ ವಯಸ್ಸು ತಿಳಿಯದು. ಬಿಸುಪು ಮಾತ್ರ ತಿಳಿಯುತ್ತದೆ. ಒಂದು ಕೊಳಗದ ತುಂಬ ಹಿಟ್ಟಿದ್ದರೆ ಅದು ತನ್ನ ಬಿಸುಪನ್ನು ತಾನೇ ಬಹುಹೊತ್ತು ಕಾಪಾಡಿಕೊಳ್ಳುತ್ತದೆ. ಮೂವರಿಗೆ ಸಾಲುವ ಎರಡು ಲೀಟರು ಹಿಟ್ಟು ಅದೇ ಕೊಳಗದ ತಳದಲ್ಲಿ ಒಂದು ಬೆರಳ ದಪ್ಪ ಹರಡಿಕೊಂಡರೆ, ಕೆಳಗೆ ತಣ್ಣನೆಯ ಹಿತ್ತಾಳೆ, ಮೇಲೆ ತಣ್ಣನೆಯ ಗಾಳಿ. ಅರ್ಧ ಗಂಟೆಯಲ್ಲಿ ಬಿಸುಪೆಲ್ಲ ಆರಿಹೋಗುತ್ತದೆ. ತಪ್ಪು ಕೈಯದಲ್ಲ, ಮನೆ ಬರಿದಾದದ್ದನ್ನು ಒಪ್ಪದ ಕೊಳಗದ್ದು.

ಇದನ್ನು ಕಂಡುಹಿಡಿದವನು ಸಂಕ್ರಾಂತಿಗೆ ಬಂದ ಮೊಮ್ಮಗ. ಅವನು ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದವನು. ಅಲ್ಲಿ 1963ರಿಂದೀಚೆಗೆ ಮನೆಬಳಕೆಗೆ ಬಿಯರು ತಯಾರಿಸಲು ಪರವಾನಗಿ ಬೇಕಿಲ್ಲ; ಪಕ್ಕದ ಮನೆಯಾತ ಹಳೆಯ ಫ್ರಿಜ್ಜೊಂದರಲ್ಲಿ 23 ಲೀಟರಿನ ಪೀಪಾಯಿಯಿಟ್ಟು ಅದನ್ನೇ ಮಾಡುತ್ತಿದ್ದ. ಆ ಫ್ರಿಜ್ಜಿಗೆ ಒಂದು ನಿಯಂತ್ರಕ ಜೋಡಿಸಿತ್ತು: ಒಳಗೆ ಬಿಸಿ ಹೆಚ್ಚಿದರೆ ತಂಪಿನ ಯಂತ್ರ ನಡೆಯುತ್ತದೆ, ಕಡಮೆಯಾದರೆ ಬಲ್ಬು ಉರಿಯುತ್ತದೆ. ಬಿಯರಿನ ಕಿಣ್ವ ಹುದುಗುವಾಗ ತಾನೇ ಬಿಸಿಯೇರುವುದರಿಂದ ಅಲ್ಲಿ ತಂಪಿನದೇ ಹೆಚ್ಚು ಕೆಲಸ. ಅವರ ಏಲ್ ಎಂಬ ಬಗೆಗೆ 18-20 ಡಿಗ್ರಿ ಸಾಕು. ಅಂಜನಾಪುರದ ಹಿತ್ತಿಲ ಕೋಣೆಯಲ್ಲಿಯೂ ಒಂದು ಹಳೆಯ ಫ್ರಿಜ್ಜು ಬಿದ್ದಿತ್ತು. ಅದರ ತಂಪು ಹಿಡಿತ ತಪ್ಪಿ ಸೊಪ್ಪೆಲ್ಲ ಮಂಜುಗಟ್ಟುತ್ತಿದ್ದುದರಿಂದ ಹೊಸದು ಬಂದಿತ್ತು. ಕೋಳಿಮರಿ ಮಾಡಿಸುವ ಪೆಟ್ಟಿಗೆಗೆ ಹಾಕುವ ನಿಯಂತ್ರಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮೊಮ್ಮಗ ಅದನ್ನು ತರಿಸಿದ.

‘ಇದರಲ್ಲಿ ಅವರು ಏನು ಮಾಡುತ್ತಿದ್ದರೋ?’ ಎಂದು ಅಜ್ಜಿ ಕೇಳಿದರು.

‘ಬಾರ್ಲಿ ಹುದುಗಿಸುತ್ತಿದ್ದರು ಅಜ್ಜಿ.’

‘ಹೆಂಡ ಅನ್ನು.’

ನಮ್ಮಲ್ಲಿ ಪರವಾನಗಿಯಿಲ್ಲದೆ ಅದನ್ನು ಮಾಡುವುದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯಿದೆಯೇ ಅಡ್ಡವಿದೆ. ಉದ್ದಿನ ಹಿಟ್ಟಿಗೆ ಯಾವ ಕಾಯಿದೆಯೂ ಇಲ್ಲವೆಂದು ಮಗ ಸಮಾಧಾನ ಹೇಳಿದ.

ಈಗ ಬಂತು ಪಾತ್ರೆಯ ಪ್ರಶ್ನೆ. ಕೊಳಗದ ಬಾಯಿ 48 ಸೆಂಟಿಮೀಟರು. ಪೆಟ್ಟಿಗೆಯ ಒಳ ಅಗಲ 43. ಓರೆಮಾಡಿದರೂ ಒಳಹೋಗದು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಫ್ರಿಜ್ಜೆಂಬುದು ಹೊರಗೆ ಕಾಣುವಷ್ಟು ವಿಶಾಲವಲ್ಲ. ಮೇಲೆ ಮಂಜಿನ ಗೂಡು ಜಾಗ ತಿನ್ನುತ್ತದೆ. ಕೆಳಗೆ ಹಿಂಬದಿಯಲ್ಲಿ ಯಂತ್ರಕ್ಕಾಗಿ ಬಿಟ್ಟ ಉಬ್ಬು ಇನ್ನೊಂದಿಷ್ಟು ತಿನ್ನುತ್ತದೆ. ಬಾಗಿಲಿನ ಒಳಗಿನ ಸಾಲುಗೂಡುಗಳು ಬಾಗಿಲು ಮುಚ್ಚಿದಾಗ ಮುಂದಕ್ಕೆ ಚಾಚುತ್ತವೆ. ಬಾಗಿಲು ತೆರೆದು ಅಳೆದರೆ ಹಿಡಿಸುವ ಪಾತ್ರೆ ಮುಚ್ಚಿದಾಗ ಹಿಡಿಸುವುದಿಲ್ಲ. ಇಂಗ್ಲೆಂಡಿನ ಆ ಮಹಾಶಯನೂ ಪೀಪಾಯಿಯ ಎತ್ತರವನ್ನೇನೋ ಅಳೆದಿದ್ದ. ಅದರ ನೆತ್ತಿಯ ಮೇಲೆ ಅನಿಲ ಹೊರಬಿಡುವ ನಳಿಗೆಯೊಂದು ನಿಲ್ಲಬೇಕೆಂಬುದನ್ನು ಮರೆತಿದ್ದನಂತೆ. ಹುದುಗುವ ವಸ್ತುವಿಗೆ ತಾನಿರುವ ಜಾಗವಲ್ಲದೆ ತಾನು ಬೆಳೆಯುವ ಜಾಗವೂ ಬೇಕು. ಇಡ್ಲಿಯ ಹಿಟ್ಟು ಇಮ್ಮಡಿಯಾಗುತ್ತದೆ.

ಒಂದೊಂದಾಗಿ ಅಭ್ಯರ್ಥಿಗಳು ಬಂದುವು. ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಎತ್ತರದಲ್ಲಿ ಹೊಂದಿತು. ಬಿಸುಪನ್ನು ಹಿಡಿದಿಡುವುದರಲ್ಲಿಯೂ ಅದಕ್ಕೆ ಸಮನಿಲ್ಲ. ಆದರೆ ಕುತ್ತಿಗೆ ಕಿರಿದು. ಕೈ ಹೋಗದ ಪಾತ್ರೆಯಲ್ಲಿ ಕಲಸುವುದು ಹೇಗೆ? ಬಿಗಿಮುಚ್ಚಳದ ಸ್ಟೀಲು ಡಬ್ಬಿ ಬಂತು. ಒಳಗೆ ಅನಿಲ ತುಂಬಿದರೆ ಮುಚ್ಚಳ ಹಾರುತ್ತದೆ. ಪ್ಲಾಸ್ಟಿಕ್ಕಿನ ಡಬ್ಬಕ್ಕೆ ಹಿಂದಿನ ವಾರದ ಹುಳಿವಾಸನೆ ಅಂಟಿಕೊಳ್ಳುತ್ತದೆಂದು ಸೊಸೆಯೇ ತಳ್ಳಿಹಾಕಿದಳು. ಅಲ್ಯುಮಿನಿಯಮ್ಮಿನ ತಪ್ಪಲೆಯನ್ನೂ ಕಲಾಯಿ ಹೋದ ತಾಮ್ರದ ತಪ್ಪಲೆಯನ್ನೂ ಹುಳಿ ತಿನ್ನುತ್ತದೆ. ಅವು ಬಾಗಿಲಲ್ಲಿಯೇ ಹಿಂದಿರುಗಿದುವು. ಮೊಮ್ಮಗ ಟೇಪು ಹಿಡಿದು ಕಾಗದದಲ್ಲಿ ಅಂಕಿ ಬರೆಯುತ್ತಲೇ ಇದ್ದ.

ಸಾವಿರ ವರ್ಷದ ಹಿಂದೆ ಈ ಗೋಳಿರಲಿಲ್ಲ. ‘ಇಡ್ಡಲಿಗೆ’ಯ ಹೆಸರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಬರುತ್ತದೆ. ಮುಂದೆ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ಬಗೆಯೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಮೊಸರಿನ ತಿಳಿ ಬೆರೆಸುವುದು. ಅಕ್ಕಿಯ ಮಾತೇ ಅಲ್ಲಿಲ್ಲ. ಪಾತ್ರೆಯ ಅಳತೆಯನ್ನಂತೂ ಚಾವುಂಡರಾಯ ಹೇಳುವುದಿಲ್ಲ. ಅವನ ಕಾಲದ ಮನೆಗಳಲ್ಲಿ ಎಲೆಗಳಿಗೆ ಕೊರತೆಯಿದ್ದಿರಲಾರದು.

ಇಷ್ಟು ಹೊತ್ತು ಜಗಲಿಯಲ್ಲಿದ್ದ ಅಜ್ಜಿ ಎದ್ದು ಬಂದರು. ಪೆಟ್ಟಿಗೆಯೊಳಗೆ ಕೈಯಿಟ್ಟು ಗೇಣಿನಿಂದ ಅಳೆದರು. ಬಾಗಿಲು ಮುಚ್ಚಿ ತೆಗೆದು ಮತ್ತೊಮ್ಮೆ ಅಳೆದರು. ಆಮೇಲೆ ಸೊಸೆಯ ಕೈಯಲ್ಲಿ ಅಟ್ಟದ ಮೇಲಿಂದ ಒಂದು ಸ್ಟೀಲಿನ ತಪ್ಪಲೆ ಇಳಿಸಿದರು. ಎಮ್ಮೆಗಳಿದ್ದ ಕಾಲದಲ್ಲಿ ಹಾಲು ಕಾಯಿಸುತ್ತಿದ್ದುದು ಅದು. ನೆಟ್ಟನೆಯ ಮೈ, ಕೈಯಾಡುವ ಬಾಯಿ; ಐದು ಲೀಟರು ಹಿಡಿಯುತ್ತದೆ. ಎರಡು ಲೀಟರು ಹಿಟ್ಟು ಹಾಕಿದರೆ ಇಮ್ಮಡಿಯಾದ ಮೇಲೂ ನಾಲ್ಕು ಬೆರಳು ಉಳಿಯುತ್ತದೆ.

‘ಉಕ್ಕುವುದನ್ನು ಇದು ಕಂಡಿದೆ’ ಎಂದರು.

ಕೊಳಗವನ್ನು ಒಳಗಿಡಲು ಹೇಳಿದಾಗ ಮಾತ್ರ ಅವರು ಅತ್ತ ತಿರುಗಲಿಲ್ಲ.

ಆ ಶನಿವಾರ ಅವರೇ ಕಲಸಿದರು. ಬೆಳಕು ಮರೆಯಾಗುವಂತೆ ತಗಡಿನ ಡಬ್ಬಿಯೊಳಗೆ 25 ವ್ಯಾಟಿನ ಹಳೆಯ ಬಗೆಯ ಬಲ್ಬನ್ನಿಟ್ಟು ತಳದಲ್ಲಿ ಕೂರಿಸಿತ್ತು. ಬಿಸುಪನ್ನು ಅಳೆಯುವ ತಂತಿಯನ್ನು ಗಾಳಿಯಲ್ಲಿ ತೂಗಬಿಡದೆ ತಪ್ಪಲೆಯ ಮೈಗೇ ಅಂಟಿಸಿ ಮೇಲೊಂದು ಬಟ್ಟೆ ಕಟ್ಟಿತ್ತು. ಬೇಕಾದುದು ಹಿಟ್ಟಿನ ಬಿಸುಪೇ ಹೊರತು ಪೆಟ್ಟಿಗೆಯದಲ್ಲ. ಅಂಕಿ 28ಕ್ಕೆ ನಿಂತಿತು. ರಾತ್ರಿ ಅಜ್ಜಿ ಎರಡು ಸಲ ಎದ್ದು ಹೋದರೆಂದು ಸೊಸೆ ಹೇಳುತ್ತಾಳೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹಿಟ್ಟು ತಪ್ಪಲೆಯ ಕತ್ತಿನವರೆಗೆ ಬಂದು, ಮುಟ್ಟಿದರೆ ನಿಟ್ಟುಸಿರು ಬಿಡುವಂತಿತ್ತು. ಮಗ ಎಂಟು ಇಡ್ಲಿ ತಿಂದ. ಅವನು ಆಗಲೂ ಏನೂ ಆಡಲಿಲ್ಲ. ಆದರೆ ಈ ಮೌನ ಬೇರೆ.

ಏಪ್ರಿಲಿನಲ್ಲಿ ಬಲ್ಬಿಗೆ ಕೆಲಸವಿರಲಿಲ್ಲ; ತಂಪಿನ ಯಂತ್ರವೇ ಹಿಟ್ಟು ವಿಪರೀತ ಹುಳಿಯದಂತೆ ಕಾದಿತು.

ಆ ವರ್ಷದ ದೀಪಾವಳಿಗೆ ಎಲ್ಲರೂ ಬಂದರು, ಹದಿನೆಂಟು ಎಲೆ. ಕೊಳಗ ಅಟ್ಟದಿಂದ ಇಳಿಯಿತು; ಹೊಸ ಕಲಾಯಿ ಅದಕ್ಕೆ ಆಗಲೇ ಆಗಿತ್ತು. ಯಾವಾಗ ಮಾಡಿಸಿದರೆಂಬುದು ಸೊಸೆಗೂ ತಿಳಿಯದು. ಪೆಟ್ಟಿಗೆಯ ಹಂಗಿಲ್ಲದೆ ಅದು ಬಚ್ಚಲಿನ ಹಂಡೆಯೊಲೆಯ ಪಕ್ಕದಲ್ಲಿ ಕುಳಿತಿತು. ಮೊಮ್ಮಗ ತಂತಿ ಹಿಡಿದು ಬಂದ. ಅಜ್ಜಿ ಕೊಳಗದ ಮೈಮೇಲೆ ಅಂಗೈಯಿಟ್ಟು, ‘ಇಪ್ಪತ್ತೆಂಟು ಇದೆ, ಹೋಗಿ ಮಲಗು’ ಎಂದರು.

ಅವನು ಬಿಡಲಿಲ್ಲ, ಅಂಟಿಸಿ ನೋಡಿದ. 27 ಎಂದು ತೋರಿಸಿತು. ಅಜ್ಜಿ ಒಲೆಗೆ ಇನ್ನೊಂದು ಕುಂಟೆ ನೂಕಿದರು.